ಹುಲ್ಲಿನ ಮೇಲೆ ಮಕ್ಕಳು ಬರಬಾರದು, ಲಾರಿ ಬರಬಹುದು

ಮಲೆನಾಡಿನ ತಾಲ್ಲೂಕು ಮೈದಾನಗಳ ಗೇಟಿನ ಪಕ್ಕ ಒಂದು ಬೋರ್ಡು ಇದ್ದೇ ಇರುತ್ತದೆ: ‘ಹುಲ್ಲಿನ ಮೇಲೆ ನಡೆಯಬಾರದು. ತಪ್ಪಿದಲ್ಲಿ ದಂಡ ವಿಧಿಸಲಾಗುವುದು.’ ಆ ಬೋರ್ಡಿನ ಬೆನ್ನಿಗೇ ಹತ್ತು ಚಕ್ರದ ಲಾರಿಯೊಂದು ರಿವರ್ಸ್ ಬರುತ್ತಿರುತ್ತದೆ. ಕ್ಲೀನರ್ ಹಿಂದೆ ನಿಂತು ‘ಬರ್ಲಿ ಬರ್ಲಿ, ರೈಟ್ ರೈಟ್, ಹೋಲ್ಡಾನ್’ ಎನ್ನುತ್ತಿರುತ್ತಾನೆ. ಇದರಲ್ಲಿ ಕಾನೂನು ಮುರಿದದ್ದೇನೂ ಇಲ್ಲ. ಬೋರ್ಡಿನಲ್ಲಿ ನಡೆಯಬಾರದು ಎಂದಿದೆ. ಲಾರಿ ನಡೆಯುವುದಿಲ್ಲ, ಉರುಳುತ್ತದೆ.

ಮೈದಾನದ ಮಾಲಿ ಸುಮ್ಮನಿರುತ್ತಾನೆ ಅಂತಲ್ಲ. ‘ಅಣ್ಣಾ, ರಾತ್ರಿ ಇಡೀ ಮಳೆ ಹೊಡ್ದದೆ, ಒಳಗೆ ತರ್ಬೇಡಿ, ಹೂತು ಹೋಗ್ತದೆ’ ಎನ್ನುತ್ತಾನೆ. ಶಾಮಿಯಾನದವನು ಎಲೆಅಡಿಕೆ ಒಂದು ಕೆನ್ನೆಯಿಂದ ಇನ್ನೊಂದಕ್ಕೆ ಸರಿಸಿ ಹೇಳುತ್ತಾನೆ: ‘ಹುಲ್ಲಲ್ವಾ ಮಾರಾಯ, ಬೆಳೀತದೆ ಬಿಡು.’

ಹುಲ್ಲಲ್ವಾ, ಬೆಳೀತದೆ. ನಮ್ಮ ಸಾರ್ವಜನಿಕ ಮೈದಾನಗಳ ನಿರ್ವಹಣಾ ನೀತಿ ಇಷ್ಟೇ. ಇದಕ್ಕೆ ಸುತ್ತೋಲೆ ಬೇಕಿಲ್ಲ, ಬಾಯಿಪಾಠವಾಗಿದೆ.

ಇದೇ ರಾಜ್ಯದಲ್ಲಿ ಹುಲ್ಲಿಗೆ ಹೆದರಿ ಬದುಕುವ ಜನರೂ ಇದ್ದಾರೆ. ಬೆಂಗಳೂರಿನಲ್ಲಿ 1876ರಿಂದ ಗಾಲ್ಫ್ ಕ್ಲಬ್ಬಿದೆ, ಘಟ್ಟದ ಮೇಲೆ ಚಿಕ್ಕಮಗಳೂರಿನಲ್ಲೂ ಒಂದಿದೆ. ಗಾಲ್ಫಿನವರು ನಡೆಯಲು ಬೇಸರವಾದಾಗ ಹತ್ತುವ ಗಾಡಿಗೆ ಕಾರ್ಟ್ ಎನ್ನುತ್ತಾರೆ. ಆಟೋದ ಮುಂದೆ ನಿಲ್ಲಿಸಿದರೆ ಸಪ್ಪೆಯಾಗಿ ಕಾಣುವ ವಾಹನ. ಬ್ಯಾಟರಿಯದಾದರೆ ಖಾಲಿ ತೂಕ 400ರಿಂದ 500 ಕಿಲೋ, ಅದರಲ್ಲಿ ಆರು ಸೀಸದ ಬ್ಯಾಟರಿಗಳದ್ದೇ ಒಂದೂವರೆ ಕ್ವಿಂಟಲ್ ಮೀರುತ್ತದೆ. ಇಬ್ಬರು ಆಟಗಾರರು, ಎರಡು ಚೀಲ ಕೋಲು ಸೇರಿದರೆ ಆರೂವರೆ ಕ್ವಿಂಟಲ್. ಇಷ್ಟು ಬಡಪಾಯಿ ಗಾಡಿಗೆ ಅಲ್ಲಿ ಇರುವ ಸಂಚಾರ ನಿಯಮ ನೋಡಿದರೆ ಶಿವಮೊಗ್ಗದ ಬಸ್‌ಸ್ಟ್ಯಾಂಡ್ ಎದುರಿನ ಟ್ರಾಫಿಕ್ ಪೊಲೀಸರೂ ಬೆವರಬೇಕು.

ಮೊದಲನೆಯದಾಗಿ ಕಾರ್ಟಿಗೆಂದೇ ಎಂಟು ಅಡಿ ಅಗಲದ ದಾರಿ. ಚೆಂಡು ಹುಲ್ಲಿನಲ್ಲಿ ಎಲ್ಲೇ ಬಿದ್ದಿರಲಿ, ಅದರ ನೇರಕ್ಕೆ ಬರುವವರೆಗೆ ದಾರಿ ಬಿಟ್ಟು ಇಳಿಯುವಂತಿಲ್ಲ. ನೇರಕ್ಕೆ ಬಂದ ಮೇಲೆ ಲಂಬಕೋನದಲ್ಲಿ ತಿರುಗಿ ಒಳಗೆ ಹೋಗಿ, ಚೆಂಡು ಹೊಡೆದು, ಮತ್ತೆ ನೆಟ್ಟಗೆ ದಾರಿಗೆ ವಾಪಸ್. ಇದಕ್ಕೆ 90 ಡಿಗ್ರಿ ನಿಯಮ ಎಂದೇ ಹೆಸರು. ಹುಲ್ಲಿನ ಉದ್ದಕ್ಕೆ ಓಡಿಸದೆ ಅಡ್ಡಕ್ಕೆ ದಾಟಿಸಿದರೆ ಚಕ್ರದಡಿ ಸಿಗುವ ನೆಲ ಕಡಿಮೆ. ಎಲ್ಲರ ಚೆಂಡೂ ಒಂದೇ ಕಡೆ ಬೀಳುವುದಿಲ್ಲವಾದ್ದರಿಂದ ತುಳಿತವೂ ಹಂಚಿಹೋಗುತ್ತದೆ. ಗುಂಡಿಯಿರುವ ನುಣ್ಣನೆಯ ಅಂಗಳಕ್ಕೆ ಅವರು ಗ್ರೀನ್ ಎನ್ನುತ್ತಾರೆ. ಅದರ ಸುತ್ತ ಹತ್ತು ಮೀಟರಿನೊಳಗೆ ಕಾರ್ಟು ಸುಳಿಯದಂತೆ ಗೂಟ ನೆಟ್ಟು ಹಗ್ಗ ಕಟ್ಟಿರುತ್ತಾರೆ.

ಮಳೆ ಬಂದ ಮಾರನೆಯ ಬೆಳಗ್ಗೆ ಅಲ್ಲಿನ ಮೇಲ್ವಿಚಾರಕ ತಗ್ಗಿನ ಜಾಗಕ್ಕೆ ಹೋಗಿ ಕಾಲೂರಿ ನೋಡುತ್ತಾನೆ. ಬೂಟಿನ ಸುತ್ತ ನೀರು ಒಸರಿತೋ, ಆ ದಿನ ಯಾರೇ ಬರಲಿ, ಕಾರ್ಟು ದಾರಿಯಲ್ಲೇ. ವರ್ಷಕ್ಕೆ 7,000 ಮಿಲಿಮೀಟರ್ ಮೀರಿ ಸುರಿಯುವ ಆಗುಂಬೆಗೆ ಈ ನಿಯಮ ತಂದರೆ ಜೂನ್‌ನಲ್ಲಿ ದಾರಿ ಹತ್ತಿದ ಕಾರ್ಟು ಇಳಿಯುವುದು ನವರಾತ್ರಿಗೇ. ಬೇಸಿಗೆಯಲ್ಲೂ ಬಿಡುವಿಲ್ಲ. ಹೆಜ್ಜೆ ಎತ್ತಿದ ಮೇಲೂ ಹುಲ್ಲು ಏಳದೆ ಗುರುತು ಹಾಗೇ ಉಳಿದರೆ, ಬಣ್ಣ ನೀಲಿಬೂದಿಗೆ ತಿರುಗಿದ್ದರೆ, ಅದು ಬಾಯಾರಿದೆ ಎಂದರ್ಥ. ನೀರು ಕುಡಿಸುವ ಮೊದಲು ಕಾರ್ಟು ಬಿಟ್ಟರೆ ಆಮೇಲೆ ಎರಡು ಕಂದು ಗೆರೆ ವಾರಗಟ್ಟಲೆ ಅಣಕಿಸುತ್ತವೆ.

ಹಾಗಂತ ಗಾಲ್ಫಿನವರು ಸಾಧುಸಂತರಲ್ಲ. ಕಾರ್ಟಿನ ಎರಡು ಚಕ್ರ ದಾರಿಯಲ್ಲಿ, ಎರಡು ಹುಲ್ಲಿನಲ್ಲಿ ಇಟ್ಟು ನಿಲ್ಲಿಸುವ ಭೂಪರು ಅಲ್ಲೂ ಉಂಟು. ಹಾಗಾಗಿ ದಾರಿಯ ಅಂಚು ಬೋಳಾಗುತ್ತದೆ. ದಾರಿ ಮುಗಿಯುವಲ್ಲಿ ಎಲ್ಲರೂ ಒಟ್ಟಿಗೇ ಹುಲ್ಲಿಗೆ ಇಳಿಯುವುದರಿಂದ ಅಲ್ಲೊಂದು ಮೀನಿನ ಬಾಲದ ಆಕಾರದ ಬರಡು ಹುಟ್ಟುತ್ತದೆ. ಅದಕ್ಕೆ ಅವರ ಮದ್ದು ಎಂದರೆ ಅಂಚಿಗೆ ನಾಲ್ಕಿಂಚು ಎತ್ತರದ ಕಲ್ಲುಕಟ್ಟು, ಮತ್ತು ಇಳಿಯುವ ಜಾಗ ಬದಲಾಗುತ್ತಿರಲೆಂದು ವಾರಕ್ಕೊಮ್ಮೆ ಜಾಗ ಬದಲಿಸುವ ಹಗ್ಗ. ವಾರಕ್ಕೊಮ್ಮೆ! ನಮ್ಮಲ್ಲಿ ಒಮ್ಮೆ ಕಟ್ಟಿದ ಹಗ್ಗ ಕೊಳೆತು ತಾನಾಗಿ ಬೀಳಬೇಕು, ಇಲ್ಲವೇ ಯಾರಾದರೂ ದನ ಕಟ್ಟಲು ಒಯ್ಯಬೇಕು.

ಹುಲ್ಲಿಗೆ ಸಾವು ಎರಡು ಬಗೆ. ಒಂದು ಮೇಲಿನಿಂದ: ಚಕ್ರ ತಿರುಗಿಸಿದಾಗ, ಬ್ರೇಕ್ ಒತ್ತಿದಾಗ ಎಲೆ ಜಜ್ಜಿ ಹರಿಯುತ್ತದೆ. ಇದು ಅಂದೇ ಕಣ್ಣಿಗೆ ಬೀಳುತ್ತದೆ, ವಾಸಿಯೂ ಆಗುತ್ತದೆ. ಗರಿಕೆ ನೆಲದ ಮೇಲೂ ಕೆಳಗೂ ಬಳ್ಳಿ ಹರಿಸುವ ಜಾತಿ, ಬಿಸಿಲು ಬಿದ್ದು ಕೆಲವು ವಾರ ಬಿಡುವು ಸಿಕ್ಕರೆ ಮತ್ತೆ ಹಬ್ಬುತ್ತದೆ. ಎರಡನೆಯದು ಕೆಳಗಿನಿಂದ ಬರುವ ಸಾವು. ಒಳ್ಳೆಯ ಮಣ್ಣಿನಲ್ಲಿ ಹತ್ತಿರಹತ್ತಿರ ಅರ್ಧ ಪಾಲು ಬರೀ ಸಂದು, ಅದರಲ್ಲಿ ನೀರು ಮತ್ತು ಗಾಳಿ. ಭಾರ ಬಿದ್ದು ಆ ಸಂದು ಮುಚ್ಚಿದರೆ ನೀರು ಇಂಗುವುದಿಲ್ಲ, ಬೇರಿಗೆ ಉಸಿರಿಲ್ಲ. ಒದ್ದೆಯಲ್ಲಿ ಇದು ಅತಿ ಬೇಗ ಆಗುತ್ತದೆ. ನೀರು ಎಣ್ಣೆ ಸವರಿದಂತೆ ಕೆಲಸ ಮಾಡಿ ಜೇಡಿಯ ಕಣಗಳು ಒಂದರ ಮೇಲೊಂದು ಜಾರಿ ಒತ್ತಾಗಿ ಕೂರುತ್ತವೆ.

ಇದನ್ನು ಮಲೆನಾಡಿನ ರೈತನಿಗೆ ಯಾರೂ ಕಲಿಸಬೇಕಿಲ್ಲ. ಗದ್ದೆಗೆ ನೀರು ಕಟ್ಟಿ, ಉತ್ತು, ತುಳಿದು ಕೆಸರು ಮಾಡುವುದೇ ಈ ಸಂದು ಮುಚ್ಚಿ ನೀರು ನಿಲ್ಲಲಿ ಎಂದು. ಅದೇ ರೈತ ಜಡಿಮಳೆಯಲ್ಲಿ ಅಡಿಕೆ ತೋಟದೊಳಗೆ ಟ್ರ್ಯಾಕ್ಟರ್ ಇಳಿಸುವುದಿಲ್ಲ. ಬಸಿಗಾಲುವೆ ಕುಸಿದು ಬೇರು ಕೊಳೆತೀತು ಎಂಬ ಭಯ. ನೀರು ನಿಲ್ಲಬೇಕಾದ ಗದ್ದೆಗೆ ಒಂದು ನ್ಯಾಯ, ಬಸಿಯಬೇಕಾದ ತೋಟಕ್ಕೆ ಇನ್ನೊಂದು. ಮೈದಾನವನ್ನು ನಮ್ಮ ಆಡಳಿತ ಗದ್ದೆಯ ಖಾತೆಗೆ ಹಾಕಿಕೊಂಡಿದೆ. ಉಳುಮೆ ಲಾರಿಯದು, ನೀರು ಆಕಾಶದ್ದು, ನಾಟಿಯೊಂದು ಬಾಕಿ. ಇಂಥ ಸಿದ್ಧ ಜಾಗ ಇರುವಾಗ ಕೆಸರುಗದ್ದೆ ಓಟಕ್ಕೆ ಜನ ಯಾರದ್ದೋ ಗದ್ದೆ ಕೇಳಿಕೊಂಡು ತಿರುಗುವುದು ಏಕೆಂದೇ ತಿಳಿಯುವುದಿಲ್ಲ.

ಲೆಕ್ಕ ಸರಳ. 30 ಕಿಲೋದ ಹುಡುಗ ಬರಿಗಾಲಿನಲ್ಲಿ ಒಂಟಿ ಕಾಲೂರಿ ನಿಂತರೂ ನೆಲದ ಮೇಲೆ ಬೀಳುವ ಒತ್ತಡ ಚದರ ಸೆಂಟಿಮೀಟರಿಗೆ ಕಿಲೋದ ಮೂರನೇ ಒಂದು ಭಾಗ. ಗಾಳಿ ತುಂಬಿದ ಟೈರು ನೆಲವನ್ನು ಒತ್ತುವುದು ಹೆಚ್ಚುಕಡಿಮೆ ತನ್ನೊಳಗಿನ ಗಾಳಿಯಷ್ಟೇ ಒತ್ತಡದಿಂದ. ಕಾರ್ಟಿನ ಟೈರಿಗೆ 20 ಪಿಎಸ್ಐ, ಅಂದರೆ ಚದರ ಸೆಂಟಿಮೀಟರಿಗೆ ಸುಮಾರು 1.4 ಕಿಲೋ. ಲಾರಿ ಟೈರಿಗೆ 100 ಪಿಎಸ್ಐ ಹಿಡಿದರೂ 7 ಕಿಲೋ. ಹುಡುಗನಿಗೆ ದಂಡ, ಕಾರ್ಟಿಗೆ ಹಗ್ಗ, ಹುಡುಗನ ಇಪ್ಪತ್ತು ಪಟ್ಟು ಒತ್ತುವ ಲಾರಿಗೆ ‘ರೈಟ್ ರೈಟ್’. ಕಥೆ ಒತ್ತಡಕ್ಕೇ ಮುಗಿಯುವುದಿಲ್ಲ, ಎಷ್ಟು ಆಳಕ್ಕೆ ಎಂಬುದನ್ನು ತೀರ್ಮಾನಿಸುವುದು ಒಟ್ಟು ಭಾರ. ಕಾರ್ಟು ಕೆಡಿಸುವುದು ಬಹುಮಟ್ಟಿಗೆ ಮೇಲಿನ ಮೂರು ಇಂಚನ್ನು, ಅದನ್ನು ಯಂತ್ರದಿಂದ ತೂತು ಹೊಡೆದು ಸರಿಪಡಿಸಬಹುದು. 25 ಟನ್ನಿನ ಲಾರಿಯ ಪೆಟ್ಟು ಹಸಿ ನೆಲದಲ್ಲಿ ಒಂದು ಅಡಿ ದಾಟಿ ಇಳಿಯುತ್ತದೆ. ಮಾಮೂಲಿ ತೂತಿನ ಯಂತ್ರದ ಹಲ್ಲು ಅಲ್ಲಿಗೆ ಮುಟ್ಟುವುದೇ ಇಲ್ಲ.

ಮೈದಾನದ ಪಂಚಾಂಗವನ್ನೂ ಹುಲ್ಲಿನ ಶತ್ರುವೇ ಬರೆದಂತಿದೆ. ಆಶ್ಲೇಷ ಮಳೆ ಧೋ ಎನ್ನುವಾಗ ಆಗಸ್ಟ್ 15. ಕುರ್ಚಿ ತಂದ ಲಾರಿ ಬೇರೆ, ವೇದಿಕೆಯ ಕಂಬ ತಂದ ಲಾರಿ ಬೇರೆ. ಎರಡೂ ಬೇರೆಬೇರೆ ಗೆರೆಯಲ್ಲೇ ಹೋಗುತ್ತವೆ, ಒಬ್ಬರ ಜಾಡು ಇನ್ನೊಬ್ಬರು ಹಿಡಿಯುವುದು ಮರ್ಯಾದೆಗೆ ಕಡಿಮೆ. ಆಮೇಲೆ ಗಣಪತಿ, ದಸರಾ, ರಾಜ್ಯೋತ್ಸವ, ತೊಟ್ಟಿಲು-ಬಜ್ಜಿಯ ವಸ್ತುಪ್ರದರ್ಶನ, ಹೊನಲು ಬೆಳಕಿನ ಟೆನಿಸ್‌ಬಾಲ್ ಕ್ರಿಕೆಟ್. ಚುನಾವಣೆ ಬಂದರಂತೂ ಕೇಳುವುದೇ ಬೇಡ. ಸೋಗಾನೆಯ ಶಿವಮೊಗ್ಗ ವಿಮಾನ ನಿಲ್ದಾಣದಲ್ಲಿ 2023ರಿಂದ ಸುಮಾರು ಮೂರು ಕಿಲೋಮೀಟರ್ ಉದ್ದದ ರನ್‌ವೇ ಇದೆ, ಆದರೂ ನಾಯಕರ ಹೆಲಿಕಾಪ್ಟರ್ ನೇರ ಮೈದಾನಕ್ಕೇ ಇಳಿದರೆ ಜನರಿಗೆ ನಂಬಿಕೆ. ಅದಕ್ಕೆ ಮುಂಚೆ ಧೂಳು ಏಳದಿರಲಿ ಎಂದು ಟ್ಯಾಂಕರ್ ನೀರು ಹೊಡೆಯುತ್ತಾರೆ, ಬೆನ್ನಿಗೇ ರೋಲರ್ ಓಡಿಸುತ್ತಾರೆ. ಒದ್ದೆ ಮಾಡಿ ಒತ್ತುವುದು. ಮಣ್ಣನ್ನು ಕಲ್ಲು ಮಾಡಲು ಇದಕ್ಕಿಂತ ಪಕ್ಕಾ ವಿಧಾನ ಪುಸ್ತಕದಲ್ಲೂ ಸಿಗದು. ಮೇಲೆ ಜಲ್ಲಿ, ಸುಣ್ಣದಲ್ಲಿ ಒಂದು ಎಚ್ ಅಕ್ಷರ. ಹೆಲಿಕಾಪ್ಟರ್ ಹತ್ತು ನಿಮಿಷದಲ್ಲಿ ಹಾರಿಹೋಗುತ್ತದೆ, ಜಲ್ಲಿ ಉಳಿಯುತ್ತದೆ, ಮುಂದಿನ ಸಲ ಹುಲ್ಲು ಕತ್ತರಿಸುವಾಗ ಯಂತ್ರದ ಬ್ಲೇಡಿಗೆ ಸಿಕ್ಕಿ ಠಣ್ಣೆನ್ನುತ್ತದೆ.

ಇವೆಲ್ಲಕ್ಕೂ ಕಿರೀಟವಿಟ್ಟ ಹಾಗೆ ಇನ್ನೊಂದಿದೆ: ಹಸಿರು ಹುಲ್ಲಿನ ಮೇಲೆ ಹಾಸುವ ಹಸಿರು ಕಾರ್ಪೆಟ್. ಹುಲ್ಲು ಹುಲ್ಲಿನಂತೆ ಕಾಣಲಿ ಎಂದು. ನಾಲ್ಕೈದು ದಿನ ಅದನ್ನು ತೆಗೆಯದಿದ್ದರೆ ಬೆಳಕಿಲ್ಲದೆ, ಸೆಕೆಗೆ ಬೆಂದು ಕೆಳಗಿನ ಹುಲ್ಲು ಹಳದಿಯಾಗುತ್ತದೆ. ಥಂಡಿ ಇದ್ದರೆ ಬೂಷ್ಟು. ಕಾರ್ಪೆಟ್ ಎತ್ತಿದ ದಿನ ಅಸಲಿಗಿಂತ ನಕಲಿಯೇ ಹಸಿರಾಗಿರುತ್ತದೆ.

ಆಮೇಲೆ ‘ಮೈದಾನ ಅಭಿವೃದ್ಧಿ’ ಟೆಂಡರ್. ಕಲ್ಲಾದ ನೆಲವನ್ನು ಕೆದಕುವುದಿಲ್ಲ, ಕೆದಕುವ ಬಾಬತ್ತು ಎಸ್ಟಿಮೇಟಿನಲ್ಲಿ ಇಲ್ಲ. ಅದರ ಮೇಲೇ ನಾಲ್ಕಿಂಚು ಕೆಂಪುಮಣ್ಣು ಸುರಿಯುತ್ತಾರೆ. ಮಳೆನೀರು ಆ ನಾಲ್ಕಿಂಚು ಇಳಿದು ಹಳೆಯ ಗಟ್ಟಿ ಪದರಕ್ಕೆ ತಾಗಿ ನಿಲ್ಲುತ್ತದೆ, ಬೇರೂ ಅಲ್ಲೇ ಅಡ್ಡ ತಿರುಗುತ್ತದೆ. ಸಮತಟ್ಟು ಆಗಬೇಕಲ್ಲ, ರೋಡ್ ರೋಲರ್ ಬರುತ್ತದೆ. ಅದರ ಮೇಲೆ ನರ್ಸರಿಯವರು ಮೆಕ್ಸಿಕನ್ ಎಂದು ಕೊಡುವ ಹುಲ್ಲಿನ ಚಾಪೆ. ಮನೆಯಂಗಳಕ್ಕೆ ಚೆಂದ, ನಿಧಾನ ಹಬ್ಬುವ ತಳಿ. ಒಮ್ಮೆ ಕಿತ್ತುಹೋದ ಜಾಗ ತುಂಬಲು ಗರಿಕೆಗಿಂತ ಎಷ್ಟೋ ಹೆಚ್ಚು ಕಾಲ ಬೇಕು. ಬಿಲ್ಲು ಪಾಸಾಗುವ ಮುನ್ನ ಹಸಿರು ಕಾಣಲಿ ಎಂದು ಕೈತುಂಬ ಯೂರಿಯಾ. ಅದರಿಂದ ಎಲೆ ನೀರುನೀರಾಗಿ ಮೆತ್ತಗೆ ಉಬ್ಬಿ ಮೊದಲ ತುಳಿತಕ್ಕೇ ಅಪ್ಪಚ್ಚಿ. ತುಳಿತ ತಡೆಯಲು ಬೇಕಾದ ಪೊಟ್ಯಾಷ್ ಮೇಲೆ ಬಣ್ಣ ಕಾಣುವುದಿಲ್ಲವಾದ್ದರಿಂದ ಅದಕ್ಕೆ ಫೋಟೋ ಬೆಲೆ ಇಲ್ಲ. ವರ್ಷ ತುಂಬುವಷ್ಟರಲ್ಲಿ ಚಾಪೆ ಹೋಗಿ, ಗಟ್ಟಿ ನೆಲವನ್ನೇ ಇಷ್ಟಪಡುವ, ರಾಗಿಯ ದಾಯಾದಿಯಾದ ಒರಟು ಕಳೆ ಎದ್ದಿರುತ್ತದೆ, ಬದಿಯಲ್ಲಿ ನಾಚಿಕೆಮುಳ್ಳು, ನೆರಳಿನಲ್ಲಿ ಹಾವಸೆ. ಪರಿಶೀಲನೆಗೆ ಬಂದವರಿಗೆ ಎಲ್ಲವೂ ಹಸಿರೇ. ‘ಹುಲ್ಲು ಬಂದದೆಯಲ್ಲ ಸಾರ್!’

ನಿಜವಾಗಿ ಮಾಡಬೇಕಾದ್ದು ದೊಡ್ಡ ವಿದ್ಯೆಯೇನಲ್ಲ. ಟೊಳ್ಳು ಹಲ್ಲಿನ ಯಂತ್ರದಿಂದ ಅರ್ಧ ಇಂಚು ದಪ್ಪ, ಮೂರು-ನಾಲ್ಕು ಇಂಚು ಆಳದ ತೂತು, ಎರಡೆರಡು ಇಂಚಿಗೊಂದರಂತೆ. ಲಾರಿ ನಿಂತ ಜಾಗಕ್ಕೆ ಮಾತ್ರ ಟ್ರ್ಯಾಕ್ಟರಿಗೆ ಕಟ್ಟುವ ಉದ್ದ ಹಲ್ಲಿನದೇ ಬೇಕು. ಹೊರಬಂದ ಮಣ್ಣಿನ ಕಡ್ಡಿಗಳನ್ನು ಗುಡಿಸಿ ತೆಗೆದು ತೂತಿಗೆ ಮರಳು ಎಳೆಯಬೇಕು. ಹುಲ್ಲು ಚಿಗುರುವ ಕಾಲವಾಗಿರಬೇಕು: ಮೇ ತಿಂಗಳ ಮೊದಲ ಮಳೆಗಳ ನಂತರ, ಇಲ್ಲವೇ ಮಳೆ ಸೋತ ಮೇಲೆ ಸೆಪ್ಟೆಂಬರ್ ಕೊನೆಯಿಂದ. ಮಣ್ಣಿಗೆ ಹದ ಇರಬೇಕು. ಹಿಡಿ ಮಣ್ಣು ಹಿಂಡಿದರೆ ಉಂಡೆಯಾಗಿ, ಬೆರಳಿನಿಂದ ಒತ್ತಿದರೆ ಪುಡಿಯಾಗಬೇಕು. ಬೆರಳಿಗೆ ಮೆತ್ತಿಕೊಂಡರೆ ಯಂತ್ರ ಮನೆಗೆ ಕಳಿಸಿ. ಐದು ಮಿಲಿಮೀಟರ್ ಮರಳು ಹರಡಲು ಎಕರೆಗೆ 20 ಘನ ಮೀಟರ್, ಅಂದರೆ ಸಣ್ಣ ಟಿಪ್ಪರಿನಲ್ಲಿ ನಾಲ್ಕೈದು ಲೋಡು. ಟಿಪ್ಪರನ್ನು ಒಳಗೆ ತರದೆ, ಗೇಟಿನಲ್ಲೇ ಸುರಿದು ಕೈಗಾಡಿಯಲ್ಲಿ ಸಾಗಿಸಬೇಕು. ಈ ಮಾತು ಹೇಳಿದ ಕೂಡಲೇ ಸಭೆ ಮುಗಿಯುತ್ತದೆ, ಕಾಫಿ ಬರುತ್ತದೆ.

ಅದಕ್ಕಿಂತ ಅಗ್ಗದ ದಾರಿ ಮೊದಲೇ ತುಳಿಯದಿರುವುದು. ಭಾರದ ಗಾಡಿಗಳಿಗೆ ಒಂದೇ ಗೇಟು, ಅಲ್ಲಿಂದ ವೇದಿಕೆಯವರೆಗೆ ಕಾಯಂ ಜಲ್ಲಿದಾರಿ. ವೇದಿಕೆ ಪ್ರತಿಸಲ ಅಲ್ಲೇ, ಜ್ಯೋತಿಷಿ ಹೇಳಿದ ದಿಕ್ಕಿಗಲ್ಲ. ಹುಲ್ಲು ದಾಟಲೇಬೇಕೆಂದರೆ ಚಕ್ರದಡಿ ಕಬ್ಬಿಣದ ತಗಡು ಅಥವಾ ದಪ್ಪ ಪ್ಲೈವುಡ್ ಹಾಸಿ, ಕೆಲಸ ಮುಗಿದ ದಿನವೇ ಎತ್ತುವುದು. ಉಳಿದದ್ದಕ್ಕೆ ಗೂಟ, ನೈಲಾನ್ ಹಗ್ಗ. ತೋಟಕ್ಕೆ ಬೇಲಿ ಕಟ್ಟಿ ಪಳಗಿದ ಊರಿನಲ್ಲಿ ಗೂಟಕ್ಕೂ ಹಗ್ಗಕ್ಕೂ ಬರವಿಲ್ಲ. ಆದರೆ ಹಗ್ಗಕ್ಕೆ ಉದ್ಘಾಟನೆ ಮಾಡುವಂತಿಲ್ಲ, ಶಿಲಾಫಲಕ ನೆಡುವಂತಿಲ್ಲ.

ಇಷ್ಟಾದರೂ ಮೈದಾನದಲ್ಲಿ ಒಂದು ಕಡೆ ಗರಿಕೆ ದಟ್ಟವಾಗಿ, ಎಳೆಯದಾಗಿ ಬೆಳೆದಿರುತ್ತದೆ. ಬೋರ್ಡಿನ ಕಂಬದ ಬುಡದಲ್ಲಿ. ಕಂಬಕ್ಕೆ ತಾಗಿದರೆ ಹಿಂದಿನ ದೀಪ ಒಡೆದೀತೆಂದು ಲಾರಿಯವರು ಅಲ್ಲಿ ಎರಡಡಿ ಬಿಟ್ಟು ತಿರುಗಿಸುತ್ತಾರೆ. ಚೌತಿಯ ಬೆಳಗ್ಗೆ ಅಜ್ಜಿಯೊಬ್ಬರು ಇಪ್ಪತ್ತೊಂದು ಗರಿಕೆಗಾಗಿ ಅಲ್ಲಿ ಬಗ್ಗುತ್ತಾರೆ. ಹತ್ತು ಎಣಿಸುವಷ್ಟರಲ್ಲಿ ವಾಚ್‌ಮನ್ ಸೀಟಿ ಊದುತ್ತಾನೆ.

‘ಅಮ್ಮಾ, ಬೋರ್ಡ್ ಕಾಣ್ಸಲ್ವಾ? ಹುಲ್ಲಿನ ಮೇಲೆ ಕಾಲಿಡ್ಬೇಡಿ. ಸ್ವಲ್ಪ ಈಚೆ ಬನ್ನಿ, ಲಾರಿ ರಿವರ್ಸ್ ಬರ್ತಾ ಇದೆ.’