ಕೀಬೋರ್ಡ್ ಕೊಳ್ಳುವ ಮೊದಲು ಶಿಫ್ಟ್ ಒತ್ತಿ ನೋಡಿ

ಇವತ್ತು ಬೆಂಗಳೂರಿನ ಎಸ್.ಪಿ. ರೋಡಿನ ಒಂದು ಕಂಪ್ಯೂಟರ್ ಅಂಗಡಿಯಲ್ಲಿ ನಡೆದ ವ್ಯಾಪಾರ ನೋಡಿ ಹೊಟ್ಟೆ ಉರಿದುಹೋಯಿತು. ಡಿಟಿಪಿ ಮಾಡುವ ಹೆಣ್ಣುಮಗಳು, ದಿನವಿಡೀ ನುಡಿ ಸಾಫ್ಟ್‌ವೇರಿನಲ್ಲಿ ಕನ್ನಡ ಟೈಪ್ ಮಾಡುವವರು, "ಅಣ್ಣಾ, ಕೈ ನೋಯದಂಥದ್ದು ಒಂದು ಕೊಡಿ" ಅಂತ ಕೇಳಿದರು. ಅಂಗಡಿಯವನು ಷೋಕೇಸಿನಲ್ಲಿ ಬಣ್ಣಬಣ್ಣದ ಲೈಟು ಮಿನುಗುತ್ತಿದ್ದ ಪುಟ್ಟ ಗೇಮಿಂಗ್ ಕೀಬೋರ್ಡ್ ತೋರಿಸಿದ. "ತಗೊಳ್ಳಿ ಮೇಡಂ, ಮೆಕ್ಯಾನಿಕಲ್ಲು, ಸಕತ್ ಪೀಸು." ಕೈಯಿಟ್ಟು ಒಂದು ಪದ ಹೊಡೆದು ನೋಡಲೂ ಬಿಡದೆ ಸೀಲ್ ಒಡೆಯದ ಡಬ್ಬಿ ಕೊಟ್ಟ. ಏನು ಟೈಪ್ ಮಾಡ್ತೀರಿ, ಎಷ್ಟು ಹೊತ್ತು ಮಾಡ್ತೀರಿ ಅಂತ ಒಂದು ಮಾತು ಕೇಳಲಿಲ್ಲ. ಆ ಕೀಬೋರ್ಡಿನ ಬಲಗಡೆ ಶಿಫ್ಟ್ ಎಷ್ಟು ಚಿಕ್ಕದಿತ್ತೆಂದರೆ, ಕನ್ನಡ ಟೈಪ್ ಮಾಡುವವರಿಗೆ ಅದನ್ನು ಮಾರಲೇಬಾರದು.

ನುಡಿಯಲ್ಲಿ, ಅಂದರೆ ಕೆ.ಪಿ. ರಾವ್ ಅವರು ರೂಪಿಸಿದ ಕನ್ನಡ ಕೀಬೋರ್ಡ್ ವಿನ್ಯಾಸದಲ್ಲಿ, 'ಬೆಂಗಳೂರು' ಅಂತ ಹೊಡೆದು ನೋಡಿ. ಬಿ, ಇ, ಶಿಫ್ಟ್ ಹಿಡಿದು ಎಂ, ಜಿ, ಶಿಫ್ಟ್ ಹಿಡಿದು ಎಲ್, ಶಿಫ್ಟ್ ಹಿಡಿದು ಯು, ಆರ್, ಯು. ಎಂಟು ಹೊಡೆತದಲ್ಲಿ ಮೂರಕ್ಕೆ ಶಿಫ್ಟ್ ಬೇಕು. ಎಂ, ಎಲ್, ಯು ಮೂರೂ ಬಲಗೈ ಕೀಗಳು, ಹಾಗಾಗಿ ಮೂರು ಸಲವೂ ಶಿಫ್ಟ್ ಹಿಡಿಯಬೇಕಾದದ್ದು ಎಡಗೈ ಕಿರುಬೆರಳು. ಸೊನ್ನೆ, ಳ, ಣ, ಶ, ದೀರ್ಘಗಳು, ಮಹಾಪ್ರಾಣಗಳು ಎಲ್ಲಕ್ಕೂ ಶಿಫ್ಟ್ ಬೇಕೇ ಬೇಕು. ಇಂಗ್ಲಿಷಿನಲ್ಲಿ ವಾಕ್ಯದ ಮೊದಲಿಗೆ, ಹೆಸರುಗಳಿಗೆ ಬಿಟ್ಟರೆ ಶಿಫ್ಟ್ ನೆನಪೇ ಆಗುವುದಿಲ್ಲ. ಇಪ್ಪತ್ತಾರೇ ಕೀಗಳಲ್ಲಿ ನಮ್ಮ ಇಡೀ ವರ್ಣಮಾಲೆ ಕೂರಿಸಿದ ಆ ವಿನ್ಯಾಸದ ಬಗ್ಗೆ ನನಗೆ ಅಪಾರ ಗೌರವವಿದೆ. ಆದರೆ ಭಾರವೆಲ್ಲ ಕೈಯಲ್ಲೇ ದುರ್ಬಲವಾದ ಬೆರಳಿಗೆ ಬೀಳುತ್ತದೆ. ಯೂಟ್ಯೂಬಿನ ಕೀಬೋರ್ಡ್ ರಿವ್ಯೂಗಳೆಲ್ಲ ಇಂಗ್ಲಿಷ್ ಟೈಪ್ ಮಾಡಿ ನೋಡಿ ಹೇಳಿದಂಥವು, ನಮ್ಮ ಕಿರುಬೆರಳಿನ ಸುದ್ದಿ ಅವಕ್ಕೆ ಗೊತ್ತಿಲ್ಲ.

ಕಾಗುಣಿತದ ದೀರ್ಘ ಇನ್ನೂ ಕಷ್ಟ. 'ಾ' ಬರುವುದು ಶಿಫ್ಟ್ ಮತ್ತು ಎ ಕೀಯಿಂದ. ಎ ಇರುವುದು ಎಡಗೈ ಕಿರುಬೆರಳಿನ ಕೆಳಗೇ, ಆದ್ದರಿಂದ ಬಲಗಡೆ ಶಿಫ್ಟ್ ಒತ್ತಬೇಕು. ಬಹಳ ಜನ ಹಾಗೆ ಮಾಡುವುದಿಲ್ಲ. ಎಡ ಕಿರುಬೆರಳಿನಲ್ಲಿ ಎಡ ಶಿಫ್ಟ್ ಹಿಡಿದು ಉಂಗುರ ಬೆರಳಿನಲ್ಲಿ ಎ ಹೊಡೆಯುತ್ತಾರೆ. ಆಗ ಅಂಗೈ ಮುದುಡಿಕೊಳ್ಳುತ್ತದೆ, ಮಣಿಕಟ್ಟು ಹೊರಕ್ಕೆ ತಿರುಗುತ್ತದೆ. ಸಂಜೆ ಹೊತ್ತಿಗೆ ಮುಂಗೈ ಹೊರಭಾಗ ಸೆಳೆಯುವುದು ಇದರಿಂದಲೇ. ಬಲ ಶಿಫ್ಟ್ ಚಿಕ್ಕದಾದರೆ ಒಳ್ಳೆ ಅಭ್ಯಾಸ ಇದ್ದವರೂ ಈ ಕೆಟ್ಟ ಅಭ್ಯಾಸಕ್ಕೆ ಬೀಳುತ್ತಾರೆ.

ಅದಕ್ಕೇ ಅಳತೆ ನೋಡಿ ಅನ್ನುವುದು. ಮಾಮೂಲಿ ಕೀಬೋರ್ಡಿನಲ್ಲಿ ಎಡ ಶಿಫ್ಟಿಗೆ ಸುಮಾರು 43 ಮಿ.ಮೀ., ಬಲ ಶಿಫ್ಟಿಗೆ ಸುಮಾರು 52 ಮಿ.ಮೀ. ಜಾಗ ಇರುತ್ತದೆ. 65 ಪರ್ಸೆಂಟ್ ಅಂತ ಮಾರುವ ಪುಟಾಣಿಗಳಲ್ಲಿ ಬಲ ಶಿಫ್ಟ್ ಸುಮಾರು 33 ಮಿ.ಮೀ.ಗೆ ಇಳಿದು, ಪಕ್ಕದಲ್ಲೇ ಮೇಲ್ಬಾಣದ ಕೀ ಬಂದು ಕೂತಿರುತ್ತದೆ. ಕಿರುಬೆರಳು ಸ್ವಲ್ಪ ಆಚೆ ಬಿತ್ತೋ, ಕರ್ಸರ್ ಮೇಲಿನ ಸಾಲಿಗೆ ಹಾರಿ ಅಲ್ಲಿನ ಪದದ ನಡುವೆ ಅಕ್ಷರ ತುರುಕುತ್ತದೆ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಯುರೋಪಿನ ಮಾದರಿ ಬಗ್ಗೆ ಎಚ್ಚರವಾಗಿರಿ. ಅದರಲ್ಲಿ ಎಡ ಶಿಫ್ಟ್ 24 ಮಿ.ಮೀ. ಅಷ್ಟೇ, ಅದಕ್ಕೂ ಜ಼ೆಡ್‌ಗೂ ನಡುವೆ ಇನ್ನೊಂದು ಕೀ ಇರುತ್ತದೆ.

ಅಳತೆ ಸರಿಯಿದ್ದರೂ ಒತ್ತಿ ನೋಡಲೇಬೇಕು. ನಡುವಿಗೆ ಒತ್ತಿದರೆ ಎಲ್ಲ ಶಿಫ್ಟೂ ಚೆನ್ನಾಗಿಯೇ ಇಳಿಯುತ್ತವೆ. ಕಿರುಬೆರಳು ಬೀಳುವುದು ಅಂಚಿಗೆ, ಅಲ್ಲಿ ಒತ್ತಿ. ಕೀಗಳ ಕೆಳಗೆ ಬರೀ ತೆಳು ಪೊರೆ ಇರುವ ಅಗ್ಗದ ಮೆಂಬ್ರೇನ್ ಕೀಬೋರ್ಡಿನಲ್ಲಿ ಒಂದೇ ಬದಿ ಹಿಡಿದೆಳೆದ ಡ್ರಾಯರಿನ ಹಾಗೆ ಕೀ ಓರೆಯಾಗಿ ಸಿಕ್ಕಿಕೊಂಡು, ಬಿಟ್ಟ ಮೇಲೂ ತಡವಾಗಿ ಮೇಲೆ ಬರುತ್ತದೆ. ಇಂಗ್ಲಿಷಿನಲ್ಲಾದರೆ ಎರಡನೇ ಅಕ್ಷರವೂ ದೊಡ್ಡದಾಗುತ್ತದೆ, ಅಷ್ಟೇ. ನಮ್ಮಲ್ಲಿ ಪದವೇ ಬೇರೆಯಾಗುತ್ತದೆ. 'ಹಾಲು' ಹೊಡೆಯುವಾಗ 'ಹಾ' ಆದಮೇಲೂ ಶಿಫ್ಟ್ ಕೆಳಗೇ ಉಳಿಯಿತೆಂದರೆ ಪರದೆಯ ಮೇಲೆ 'ಹಾಳು' ಬಂದಿರುತ್ತದೆ. ಎರಡೂ ಸರಿಯಾದ ಪದಗಳೇ ಆದ್ದರಿಂದ ಸ್ಪೆಲ್‌ಚೆಕ್ಕೂ ಹಿಡಿಯುವುದಿಲ್ಲ. ಕರಡು ತಿದ್ದುವವರ ಹತ್ತಿರ ಲಳ, ನಣ ಗೊತ್ತಿಲ್ಲ ಅಂತ ಬೈಸಿಕೊಳ್ಳುವ ಎಷ್ಟೋ ಟೈಪಿಸ್ಟರಿಗೆ ಕನ್ನಡ ಚೆನ್ನಾಗಿಯೇ ಬರುತ್ತದೆ. ತಪ್ಪು ಅವರ ಕೀಬೋರ್ಡಿನದು.

ಇನ್ನು ಸ್ವಿಚ್ಚು. ಮೆಕ್ಯಾನಿಕಲ್ ಕೀಬೋರ್ಡಿನಲ್ಲಿ ಪ್ರತಿ ಕೀಯ ಕೆಳಗೂ ಸ್ಪ್ರಿಂಗ್ ಇರುವ ಒಂದೊಂದು ಸ್ವಿಚ್ ಇರುತ್ತದೆ, ಅದರ ಬಗೆಯನ್ನು ಬಣ್ಣದಿಂದ ಕರೆಯುತ್ತಾರೆ. ಕೆಂಪು 45 ಗ್ರಾಂ ಒತ್ತಿಗೆ, ನೀಲಿ 60 ಗ್ರಾಂ ಆಸುಪಾಸಿನಲ್ಲಿ ಕೆಲಸ ಮಾಡುತ್ತದೆ. ಕಂದು ಇವೆರಡರ ನಡುವೆ, ಅಕ್ಷರ ಬಿದ್ದದ್ದು ಬೆರಳಿಗೆ ಸಣ್ಣಗೆ ಗೊತ್ತಾಗುತ್ತದೆ, ತಳ ಮುಟ್ಟುವವರೆಗೆ ಕುಟ್ಟಬೇಕಿಲ್ಲ. ಹೊಸದಾಗಿ ಮೆಕ್ಯಾನಿಕಲ್‌ಗೆ ಬರುವವರಿಗೆ ನಾನು ಹೇಳುವುದು ಕಂದು. ನೀಲಿಯ ಟಕಟಕ ಸದ್ದು ಪಿಜಿ ರೂಮಿನಲ್ಲೂ ಆಫೀಸಿನಲ್ಲೂ ಅಕ್ಕಪಕ್ಕದವರಿಗೆ ಹಿಂಸೆ, ಶಿಫ್ಟಿಗಂತೂ ಆ 60 ಗ್ರಾಂ ದಂಡ.

ಹಾಟ್‌ಸ್ವಾಪ್ ಇರುವ, ಅಂದರೆ ಬೆಸುಗೆಯಿಲ್ಲದೆ ಸ್ವಿಚ್ ಕಿತ್ತು ಬದಲಿಸಬಹುದಾದ ಕೀಬೋರ್ಡ್ ಕೊಂಡರೆ ಇದಕ್ಕೆ ದಾರಿ ಇದೆ. ಎರಡು ಶಿಫ್ಟಿಗೆ ಮಾತ್ರ 35 ಗ್ರಾಂ ಸ್ವಿಚ್ ಹಾಕಿ. ಮೊದಲು ಯುಎಸ್‌ಬಿ ಕೇಬಲ್ ಕೀಳಿ. ಕೀಕ್ಯಾಪನ್ನು ಎರಡೂ ಬದಿ ಹಿಡಿದು ನೇರ ಮೇಲಕ್ಕೆ ಎತ್ತಿ, ಓರೆ ಎಳೆದರೆ ಸ್ಟೆಬಿಲೈಸರ್, ಅಂದರೆ ಉದ್ದದ ಕೀ ಸಮನಾಗಿ ಇಳಿಯಲೆಂದು ಕೆಳಗಿಟ್ಟ ತಂತಿ, ಕಿತ್ತು ಬರುತ್ತದೆ. ಹಳೆ ಸ್ವಿಚ್ ಕಿತ್ತು, ಹೊಸ ಸ್ವಿಚ್ಚಿನ ಎರಡು ತಾಮ್ರದ ಕಾಲು ನೆಟ್ಟಗಿವೆಯೇ ನೋಡಿ ನೇರ ಕೆಳಕ್ಕೆ ಒತ್ತಿ. ಕೀ ಕೆಲಸ ಮಾಡದಿದ್ದರೆ ಹತ್ತರಲ್ಲಿ ಒಂಬತ್ತು ಸಲ ಕಾಲು ಮಡಚಿಕೊಂಡಿರುತ್ತದೆ, ಚಿಮಟದಲ್ಲಿ ನೆಟ್ಟಗೆ ಮಾಡಿದರೆ ಸರಿಹೋಗುತ್ತದೆ. ಐದು ಕಾಲಿನ ಸ್ವಿಚ್ ಮೂರು ಕಾಲಿನ ಬೋರ್ಡಿಗೆ ಕೂರದಿದ್ದರೆ ಅಕ್ಕಪಕ್ಕದ ಪ್ಲಾಸ್ಟಿಕ್ಕಿನ ಎರಡು ಸಣ್ಣ ಕಾಲು ಮಾತ್ರ ನೈಲ್‌ಕಟರಿನಲ್ಲಿ ಕತ್ತರಿಸಿ. ಸ್ಪ್ರಿಂಗ್ ಹಗುರಾದಾಗ ಒಣಗಿದ ಸ್ಟೆಬಿಲೈಸರ್ ಕೀಯನ್ನು ಮೇಲೆ ಬರಲು ಬಿಡುವುದಿಲ್ಲ, ಮತ್ತೆ ಹಾಲು ಹಾಳಾಗುತ್ತದೆ. ಅದಕ್ಕೆ ತಂತಿಯ ತುದಿ ಕೂರುವ ಕಡೆ ಡೈಎಲೆಕ್ಟ್ರಿಕ್ ಗ್ರೀಸ್ ಚೂರೇ ಚೂರು ಸವರಿ. ಹೊಲಿಗೆ ಮಷೀನಿನ ಎಣ್ಣೆ ಬಿಡಲೇಬೇಡಿ, ಸ್ವಿಚ್ಚಿನೊಳಗೆ ಹರಿದು ಧೂಳು ಹಿಡಿಯುತ್ತದೆ.

ಎತ್ತರದ ವಿಷಯ. ಮಧ್ಯದ ಸಾಲು ಮೇಜಿನಿಂದ 3 ಸೆಂ.ಮೀ.ಗಿಂತ ಮೇಲಿದ್ದರೆ ಮುಂದೆ ಕೈಮಣೆ ಇಟ್ಟುಕೊಳ್ಳಿ, ಅದರ ಮೇಲೆ ಅಂಗೈ ಊರುವುದು ಟೈಪಿಂಗ್ ನಿಲ್ಲಿಸಿದಾಗ ಮಾತ್ರ. ಕೀಬೋರ್ಡಿನ ಹಿಂದಿನ ಕಾಲುಗಳನ್ನು ಎತ್ತಲೇಬೇಡಿ, ಮಣಿಕಟ್ಟು ಹಿಂದಕ್ಕೆ ಬಾಗುತ್ತದೆ. ಮೇಜು ಸಾಮಾನ್ಯವಾಗಿ 75 ಸೆಂ.ಮೀ. ಇರುತ್ತದೆ, ಪಾದ ನೆಲಕ್ಕೂರಿ ಕೂತ ಐದಡಿ ಎರಡಂಗುಲದವರ ಮೊಣಕೈಗಿಂತ ಹೆಚ್ಚುಕಡಿಮೆ ಹತ್ತು ಸೆಂ.ಮೀ. ಮೇಲೆ. ಕುರ್ಚಿ ಎತ್ತರಿಸಿ, ಕಾಲ ಕೆಳಗೆ ಮಣೆ ಹಾಕಿ. ಅಂಗಡಿಯ ಕೌಂಟರಿನಲ್ಲಿ ನಿಂತು ಪರೀಕ್ಷಿಸಿದರೆ ಇದ್ಯಾವುದೂ ಗೊತ್ತಾಗುವುದಿಲ್ಲ, ಸ್ಟೂಲ್ ಕೇಳಿ ಪಡೆದು ಕೂತೇ ನೋಡಿ.

"ಟೈಪ್‌ರೈಟರ್ ಕುಟ್ಟಿದ ಹಿರಿಯರಿಗೆ ಇದೆಲ್ಲ ಎಲ್ಲಿತ್ತು?" ಅನ್ನುವವರಿದ್ದಾರೆ. ಟೈಪ್‌ರೈಟರಿನಲ್ಲಿ ಪ್ರತಿ ಸಾಲಿನ ಕೊನೆಗೆ ಕೈ ಎತ್ತಿ ಲಿವರ್ ತಳ್ಳಬೇಕಿತ್ತು, ಪುಟಕ್ಕೊಮ್ಮೆ ಹಾಳೆ ಬದಲಿಸಬೇಕಿತ್ತು. ಕೈಗೆ ತಾನಾಗಿ ಬಿಡುವು ಸಿಗುತ್ತಿತ್ತು. ಈಗ ಗಂಟೆಗಟ್ಟಲೆ ಕೈ ಕದಲುವುದೇ ಇಲ್ಲ. ನುಡಿಯ ಬದಲು ಇನ್‌ಸ್ಕ್ರಿಪ್ಟ್ ಅನ್ನುವ ಇನ್ನೊಂದು ಕೀಬೋರ್ಡ್ ವಿನ್ಯಾಸ ಕಲಿಯಿರಿ ಅನ್ನುವ ಮಾತಿನಲ್ಲಿ ಹುರುಳಿದೆ, ಅದರಲ್ಲಿ 'ಬೆಂಗಳೂರು' ಹೊಡೆಯಲು ಳ ಒಂದಕ್ಕೇ ಶಿಫ್ಟ್ ಸಾಕು, ಹೊಸಬರು ಖಂಡಿತ ಕಲಿಯಲಿ. ಆದರೆ ವರ್ಷಗಟ್ಟಲೆ ನುಡಿಯಲ್ಲಿ ಪಳಗಿದ ಕೈಯನ್ನು, ಪುಟದ ಲೆಕ್ಕದಲ್ಲಿ ಕೂಲಿ ಪಡೆಯುವವರು ತಿಂಗಳುಗಟ್ಟಲೆ ನಿಧಾನ ಮಾಡಿಕೊಳ್ಳುವುದು ಹೇಗೆ? ಅವರಿಗೆ ಬೇಕಾದದ್ದು ಸರಿಯಾದ ಶಿಫ್ಟ್.

ಒಂದು ಮಾತು ಮಾತ್ರ ಗಂಭೀರವಾಗಿ ತಗೊಳ್ಳಿ. ರಾತ್ರಿ ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿದು ಎಚ್ಚರವಾಗುತ್ತಿದ್ದರೆ, ಅಥವಾ ಕಿರುಬೆರಳಿನ ಕಡೆ ಸ್ಪರ್ಶ ಕಮ್ಮಿಯಾಗಿದ್ದರೆ ಎಸ್.ಪಿ. ರೋಡಿಗೆ ಹೋಗಬೇಡಿ. ಅದು ನರಕ್ಕೆ ಸಂಬಂಧಿಸಿದ್ದು, ಮೂಳೆ ಅಥವಾ ನರದ ಡಾಕ್ಟರಿಗೆ ತೋರಿಸಿ. ಕೀಬೋರ್ಡ್ ಆಮೇಲೆ ಕೊಂಡರಾಯಿತು.