ಆಡಿಟ್ ದಿನ ಮಾತ್ರ ತೆಗೆಯೋ ಬಾಗಿಲು

ನಮ್ಮ ಫ್ಯಾಕ್ಟರಿಗಳಲ್ಲಿ ಫೈರ್ ರಿಸ್ಕ್ ಅಸೆಸ್‌ಮೆಂಟ್ ಅಂದ್ರೆ ಏನ್ ನಡಿಯುತ್ತೆ ಗೊತ್ತಲ್ಲ, ಒಬ್ರು ಫೈಲ್ ಹಿಡ್ಕೊಂಡು ಬರ್ತಾರೆ, ಗೋಡೆಗೆ ನೇತಾಕಿರೋ ಕೆಂಪು ಸಿಲಿಂಡರ್ ಎಣಿಸ್ತಾರೆ, ಟ್ಯಾಗ್ ಮೇಲಿರೋ ಡೇಟ್ ನೋಡ್ತಾರೆ, ನಾಲ್ಕು ಫೋಟೋ ಹೊಡ್ಕೊಂಡು ಟೀ ಕುಡ್ದು ಹೋಗ್ತಾರೆ. ಬೆಂಗಳೂರಿನ ಗಾರ್ಮೆಂಟ್ಸಲ್ಲಿ ಕಂಪ್ಲಯನ್ಸ್ ಕೆಲಸ, ಅಂದ್ರೆ ರೂಲ್ಸ್ ಪಾಲಿಸ್ತಿದಾರಾ ಅಂತ ನೋಡೋ ಕೆಲಸ ಮಾಡ್ಕೊಂಡು ಬಂದಿರೋನು ನಾನು, ಈ ಫಾರಂಗಳನ್ನ ಸಾಕಾಗೋ ಅಷ್ಟು ನೋಡಿದೀನಿ. ನನ್ನ ಪ್ರಕಾರ ಇದೆಲ್ಲಾ ತಲೆಕೆಳಗಾಗಿ ನಡೀತಿದೆ. ಬೆಂಕಿ ಆರಿಸೋಕೆ ಏನಿದೆ ಅನ್ನೋದು ಆಮೇಲಿನ ಮಾತು, ಜನ ಹೊರಗೆ ಬರೋಕಾಗುತ್ತಾ ಅನ್ನೋದು ಮೊದಲು ಕೇಳ್ಬೇಕಾದ್ದು.

ಸಿಲಿಂಡರ್ ವಿಷಯನೇ ತಗೊಳ್ಳಿ. 6 ಕೆಜಿ ಪೌಡರ್ ಸಿಲಿಂಡರ್ ಒತ್ತಿ ಹಿಡಿದ್ರೆ ಅರ್ಧ ನಿಮಿಷ ಕೂಡ ಬರಲ್ಲ. ಕಸದ ಡಬ್ಬಕ್ಕೆ ಹತ್ತಿದ ಬೆಂಕಿಗೆ ಸಾಕು, ಬಟ್ಟೆ ಬಂಡಲ್ ರ‍್ಯಾಕ್‌ಗೆ ಹತ್ತಿದ್ರೆ ಅದು ಯಾವ ಮೂಲೆಗೂ ಸಾಲಲ್ಲ. ಇನ್ನೊಂದು ತಮಾಷೆ, ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಮುಂದೆ ನಿಂತು "ಗೇಜ್ ಎಲ್ಲಿ, ಹಸಿರಲ್ಲಿದ್ಯಾ" ಅಂತ ಕೇಳಿದ ಮಹಾನುಭಾವರನ್ನ ಕಣ್ಣಾರೆ ನೋಡಿದೀನಿ. ಅದಕ್ಕೆ ಸಾಮಾನ್ಯವಾಗಿ ಒತ್ತಡ ತೋರಿಸೋ ಗೇಜೇ ಇರಲ್ಲ ಸ್ವಾಮಿ, ತೂಕ ಹಾಕಿ ನೋಡ್ಬೇಕು.

ಇನ್ನು ಬಾಗಿಲ ಕಥೆ. ನಾನಿದ್ದ ಒಂದು ಯೂನಿಟ್‌ನಲ್ಲಿ (ಹೆಸರು ಬೇಡ) ಎರಡನೇ ಫ್ಲೋರಿನ ಹಿಂದೆ ಎಮರ್ಜೆನ್ಸಿ ಡೋರ್ ಇತ್ತು, ಮೇಲೆ ಹಸಿರು ಎಕ್ಸಿಟ್ ಬೋರ್ಡು, ಕೆಳಗೆ ನೆಲದ ಮೇಲೆ ಹಳದಿ ಪಟ್ಟೆ, ಎಲ್ಲಾ ರೂಲ್ಸ್ ಪ್ರಕಾರ. ಅಲ್ಲೇ ಪಕ್ಕದ ಲೈನಲ್ಲಿ ಕೂತ್ಕೊಳ್ತಿದ್ದ ಟೈಲರ್ ಅಕ್ಕನ್ನ, "ಅಕ್ಕಾ, ಏನಾದ್ರೂ ಆದ್ರೆ ಈ ಕಡೆಯಿಂದ ಹೋಗ್ತೀರಲ್ವಾ" ಅಂದೆ. "ಅದಾ ಸಾರ್? ಅದು ಆಡಿಟ್ನೋರು ಬಂದಾಗ ಮಾತ್ರ ತೆಗಿಯೋದು, ನಾವು ಮೇನ್ ಡೋರಲ್ಲೇ ಓಡೋದು" ಅಂದ್ರು, ಮಿಷಿನ್ ಮೇಲಿಂದ ತಲೆ ಕೂಡ ಎತ್ತದೆ. ಆ ಬಾಗಿಲ ಬೀಗದ ಕೈ ಕೆಳಗೆ ಸೆಕ್ಯೂರಿಟಿ ರೂಮಲ್ಲಿ, ಸೆಕ್ಯೂರಿಟಿಯವರು ಮಧ್ಯಾಹ್ನ ಊಟಕ್ಕೆ ಹೋದ್ರೆ ಅವರ ಜೇಬಲ್ಲಿ. ಫೈಲಲ್ಲಿ ಮಾತ್ರ ಎಮರ್ಜೆನ್ಸಿ ಡೋರ್ ಬೀಗ ಇಲ್ದೇ ಇದ್ಯಾ ಅನ್ನೋ ಕಾಲಂ ಮುಂದೆ "ಹೌದು" ಅಂತ ಟಿಕ್ ಬಿದ್ದಿತ್ತು.

ಬೀಗ ಯಾಕೆ ಅಂತ ಕೇಳಿದ್ರೆ ಎಲ್ಲಾ ಕಡೆ ಒಂದೇ ಉತ್ತರ, ಪೀಸ್ (ಹೊಲಿದ ಬಟ್ಟೆ) ಕದ್ದು ಹೋಗುತ್ತೆ ಸಾರ್. ನಿಜ ಹೇಳ್ಬೇಕಂದ್ರೆ ಈ ಉತ್ತರಕ್ಕೆ ನೂರು ವರ್ಷದ ಮೇಲಾಯ್ತು. 1911ರಲ್ಲಿ ನ್ಯೂಯಾರ್ಕಿನ ಟ್ರಯಾಂಗಲ್ ಗಾರ್ಮೆಂಟ್ ಫ್ಯಾಕ್ಟರೀಲಿ 146 ಜನ ಸತ್ರು, ಹೆಚ್ಚಿನವರು ಹುಡುಗೀರು, ಒಂಬತ್ತನೇ ಫ್ಲೋರಲ್ಲಿ ಮೆಟ್ಟಿಲ ಬಾಗಿಲಿಗೆ ಬೀಗ ಹಾಕಿತ್ತು, ಹೋಗ್ತಾ ಎಲ್ರ ಬ್ಯಾಗ್ ಚೆಕ್ ಮಾಡೋಕೆ ಒಂದೇ ದಾರಿ ಬಿಟ್ಟಿದ್ರು. 2012ರ ಸೆಪ್ಟೆಂಬರ್‌ನಲ್ಲಿ ಕರಾಚಿಯ ಅಲಿ ಎಂಟರ್‌ಪ್ರೈಸಸ್ ಹೊತ್ತಿ ಉರಿದಾಗ 250ಕ್ಕೂ ಹೆಚ್ಚು ಜನ ಹೋದ್ರು, ಅಲ್ಲೂ ಬಾಗಿಲಿಗೆ ಬೀಗ, ಕಿಟಕಿಗೆ ಕಬ್ಬಿಣದ ಸರಳು. ಅದಕ್ಕೆ ಕೆಲವೇ ವಾರ ಮುಂಚೆ ಆ ಫ್ಯಾಕ್ಟರಿಗೆ ಎಸ್‌ಎ 8000 ಅನ್ನೋ ಅಂತರರಾಷ್ಟ್ರೀಯ ಸರ್ಟಿಫಿಕೇಟ್ ಸಿಕ್ಕಿತ್ತು, ಕಾರ್ಮಿಕರ ಸುರಕ್ಷತೆ ಎಲ್ಲಾ ನೋಡಿ ಕೊಡೋ ಸರ್ಟಿಫಿಕೇಟು ಅದು. ಆ ಬೆಂಕಿ ತಾನಾಗೇ ಹತ್ತಿದ್ದಲ್ಲ, ಹಚ್ಚಿದ್ದು ಅಂತ 2020ರಲ್ಲಿ ಅಲ್ಲಿನ ಕೋರ್ಟ್ ತೀರ್ಪು ಕೊಡ್ತು, ಸರಿ. ಆದ್ರೆ ಯಾರೇ ಹಚ್ಚಿರ್ಲಿ, ಹೇಗೇ ಹತ್ತಿರ್ಲಿ, ಒಳಗಿದ್ದೋರಿಗೆ ಬಾಗಿಲು ತೆಗೆದಿತ್ತಾ ಇಲ್ವಾ ಅನ್ನೋದೇ ಲೆಕ್ಕ.

ನಮ್ಮೂರಿಗೇ ಬನ್ನಿ. 2010ರ ಫೆಬ್ರವರಿ 23, ಹಳೇ ಏರ್‌ಪೋರ್ಟ್ ರೋಡಿನ ಕಾರ್ಲ್‌ಟನ್ ಟವರ್ಸ್. ಅದು ಗಾರ್ಮೆಂಟ್ಸ್ ಅಲ್ಲ, ಎಸಿ ಹಾಕ್ಕೊಂಡು ಕೂತಿರೋ ಆಫೀಸುಗಳ ಬಿಲ್ಡಿಂಗು. ಬೆಂಕಿ ಎಲೆಕ್ಟ್ರಿಕಲ್ ಡಕ್ಟಲ್ಲಿ, ಅಂದ್ರೆ ಫ್ಲೋರಿಂದ ಫ್ಲೋರಿಗೆ ಕೇಬಲ್ ಹೋಗೋ ಗೂಡಲ್ಲಿ ಶುರುವಾಗಿದ್ದು, ಹೊಗೆ ಮೇಲಿನ ಫ್ಲೋರುಗಳಿಗೆ ತುಂಬ್ಕೊಂಡು ಜನಕ್ಕೆ ಉಸಿರು ಕಟ್ಟಿ, ಗಾಜು ಒಡೆದು ಮೇಲಿಂದ ಹಾರಿದ್ರು. 9 ಜನ ಹೋದ್ರು. ಬೆಂಕಿ ಮೈಗೆ ತಾಗೋದೇ ಬೇಕಿಲ್ಲ, ಹೊಗೇಲಿರೋ ಕಾರ್ಬನ್ ಮಾನಾಕ್ಸೈಡ್ ಸಾಕು. ಅದಕ್ಕೇ ಹೇಳ್ತಿರೋದು, ಅಸೆಸ್‌ಮೆಂಟಿಗೆ ಬಂದೋರು ಮೊದಲು ಮೆಟ್ಟಿಲು ನೋಡ್ಬೇಕು. ಮೆಟ್ಟಿಲಿಗೆ ಹೊಗೆ ನುಗ್ಗದ ಹಾಗೆ ಅದರ ಬಾಗಿಲು ತಾನಾಗೇ ಮುಚ್ಕೊಳ್ಳುತ್ತಾ, ಇಲ್ಲಾ ಸೆಖೆ ಅಂತ ಇಟ್ಟಿಗೆ ಒತ್ತುಕೊಟ್ಟು ತೆಗೆದಿಟ್ಟಿದಾರಾ? ಡಕ್ಟಲ್ಲಿ ಕೇಬಲ್ ಹೋಗಿರೋ ತೂತನ್ನ ಸೀಲ್ ಮಾಡಿದಾರಾ, ಇಲ್ಲಾ ಅದೇ ಡಕ್ಟಲ್ಲಿ ಹೌಸ್‌ಕೀಪಿಂಗ್ ಪೊರಕೆ, ಫಿನಾಯಿಲ್, ಹಳೇ ಕಾರ್ಟನ್ ತುಂಬಿದಾರಾ? ನಮ್ಮ ಊರಲ್ಲಿ ಡಕ್ಟ್ ಅಂದ್ರೆ ಸ್ಟೋರ್ ರೂಮು, ಬಾಡಿಗೆ ಇಲ್ದೇ ಸಿಗೋದು ಬೇರೆ.

ಮತ್ತೆ ನೋಡೋ ಟೈಮೂ ಮುಖ್ಯ. ಬೆಳಿಗ್ಗೆ ಹನ್ನೊಂದಕ್ಕೆ ಫ್ಯಾಕ್ಟರಿ ಮದುವೆ ಮನೆ ಥರ ಕಾಣುತ್ತೆ. ಶಿಪ್‌ಮೆಂಟ್ ವಾರದಲ್ಲಿ ಸಂಜೆ ಏಳಕ್ಕೆ ಬನ್ನಿ, ಫಿನಿಶಿಂಗಲ್ಲಿ ಐರನ್ ಬಾಕ್ಸ್‌ಗಳು ಕಾದಿರ್ತವೆ, ಸ್ಪಾಟ್ ತೆಗೆಯೋ ಕೆಮಿಕಲ್ ವಾಸನೆ ಮೂಗಿಗೆ ಹೊಡಿಯುತ್ತೆ, ಪ್ಯಾಕ್ ಆದ ಕಾರ್ಟನ್‌ಗೆ ಗೋಡೌನಲ್ಲಿ ಜಾಗ ಸಾಲದೆ ಮೆಟ್ಟಿಲ ಲ್ಯಾಂಡಿಂಗಲ್ಲಿ ಎದೆಮಟ್ಟ ಪೇರಿಸಿರ್ತಾರೆ, ಹಳದಿ ಪಟ್ಟೆ ಎಲ್ಲಿದೆ ಅಂತ ಹುಡುಕ್ಬೇಕು. ಟ್ಯೂಬ್‌ಲೈಟ್ ಪಟ್ಟಿ ಮೇಲೆ, ಮೋಟರ್ ಸಂದಿಲಿ ದಾರದ ಜುಂಗು ಕೂತಿರುತ್ತಲ್ಲ, ಅದಕ್ಕೆ ಒಂದು ಕಿಡಿ ಬಿದ್ರೆ ಸಾಕು. ಅಸೆಸ್‌ಮೆಂಟ್ ಬರೀಬೇಕಾಗಿರೋದು ಈ ಹೊತ್ತಲ್ಲಿ.

ಬಾಗಿಲು ತೆಗೆದಿದ್ರೂ ಜನ ಅಲ್ಲಿಗೆ ಹೋಗ್ತಾರೆ ಅಂತ ಗ್ಯಾರಂಟಿ ಇಲ್ಲ. ಗಾಬರೀಲಿ ಮನುಷ್ಯ ದಿನಾ ಬರೋ ದಾರೀನೇ ಹಿಡೀತಾನೆ, ಆ ಅಕ್ಕ ಹೇಳಿದ್ದೂ ಅದನ್ನೇ. ಬೋರ್ಡು, ಟ್ರೈನಿಂಗು, ಪೋಸ್ಟರು ಇದಕ್ಕೆಲ್ಲ ಖರ್ಚು ಮಾಡೋ ಬದಲು ವಾರಕ್ಕೊಂದು ದಿನ ಶಿಫ್ಟ್ ಬಿಟ್ಟಾಗ ಎಲ್ಲರನ್ನೂ ಹಿಂದಿನ ಬಾಗಿಲಿಂದಾನೇ ಹೊರಗೆ ಬಿಡಿ, ಕಾಲಿಗೆ ತಾನಾಗೇ ಅಭ್ಯಾಸ ಆಗುತ್ತೆ. ಕಳ್ಳತನದ ಭಯ ಇದ್ರೆ ಬ್ಯಾಗ್ ಚೆಕಿಂಗನ್ನ ಫ್ಲೋರ್ ಬಾಗಿಲಿಂದ ತೆಗೆದು ಕಾಂಪೌಂಡ್ ಗೇಟಿಗೆ ಹಾಕಿ. ಬಾಗಿಲಿಗೆ ಬೀಗದ ಬದಲು ಒಳಗಿಂದ ತಳ್ಳಿದ್ರೆ ತೆರೆಯೋ ಪ್ಯಾನಿಕ್ ಬಾರ್ ಹಾಕಿ, ಜೊತೆಗೊಂದು ಅಲಾರಂ, ಯಾರಾದ್ರೂ ಪೀಸ್ ಹಿಡ್ಕೊಂಡು ಹೊರಟ್ರೆ ಕೂಗ್ಕೊಳ್ಳುತ್ತೆ. ಇಷ್ಟು ಹೇಳಿದಾಗ ಒಬ್ಬ ಮ್ಯಾನೇಜರ್ "ಬಜೆಟ್ ಇಲ್ಲ" ಅಂದ್ರು, ಅದೇ ತಿಂಗಳು ರಿಸೆಪ್ಷನ್‌ಗೆ ಹೊಸ ಗ್ರಾನೈಟ್ ಬಂತು.

ಮಾಕ್ ಡ್ರಿಲ್ ಬಗ್ಗೆ ಇನ್ನೊಂದು ಮಾತು. ಡೇಟ್ ಮೊದಲೇ ಹೇಳಿ, ಸೂಪರ್‌ವೈಸರ್‌ಗಳು ಪ್ರೊಡಕ್ಷನ್ ಅಡ್ಜಸ್ಟ್ ಮಾಡ್ಕೊಂಡು, ಎಲ್ಲಾ ನಗ್ತಾ ನಗ್ತಾ ಇಳಿಯೋದು ಡ್ರಿಲ್ ಅಲ್ಲ. ಢಾಕಾ ಹೊರವಲಯದ ತಜ್ರೀನ್ ಫ್ಯಾಕ್ಟರೀಲಿ 2012ರ ನವೆಂಬರ್‌ನಲ್ಲಿ ಅಲಾರಂ ಹೊಡೀತು, ಏನಿಲ್ಲ ಕೂತ್ಕೊಳ್ಳಿ ಅಂತ ಮೇಲಿನೋರೇ ವಾಪಸ್ ಕೂರಿಸಿದ್ರು, 110ಕ್ಕೂ ಹೆಚ್ಚು ಜನ ಹೋದ್ರು. ಟಾರ್ಗೆಟ್ ತಲೇಲಿ ಕೂತಿರೋ ಸೂಪರ್‌ವೈಸರ್ ಯಾವ ದೇಶದಲ್ಲಾದ್ರೂ ಅದನ್ನೇ ಮಾಡ್ತಾನೆ. ಅದಕ್ಕೆ ಅಲಾರಂ ಹೊಡೆದ ಮೇಲೆ ಲೈನ್ ನಿಲ್ಲಿಸಿದ್ದಕ್ಕೆ ಯಾರನ್ನೂ ಬೈಯಲ್ಲ ಅಂತ ಬರವಣಿಗೇಲಿ ಕೊಡಿ. ಹೇಳ್ದೇ ಕೇಳ್ದೇ ಸಂಜೆ ಹೊತ್ತಲ್ಲಿ ಒಂದು ಡ್ರಿಲ್ ಮಾಡಿ. ಕೆಳಗೆ ಹೆಡ್‌ಕೌಂಟ್ ತಗೊಳ್ಳೋವಾಗ ಕ್ರೆಶ್‌ನ ಮಕ್ಕಳು ಬಂದ್ರಾ, ಟಾಯ್ಲೆಟ್‌ಗೆ ಹೋಗಿದ್ದೋರು ಬಂದ್ರಾ, ತುಂಬು ಗರ್ಭಿಣಿಗೆ ಇಳಿಯೋಕೆ ಎಷ್ಟು ಹೊತ್ತಾಯ್ತು ನೋಡಿ. ಲೋಡಿಂಗ್ ಹುಡುಗ್ರು, ಕಂಟ್ರಾಕ್ಟ್ ಕ್ಲೀನಿಂಗ್‌ನೋರ ಹೆಸರು ಮಸ್ಟರಲ್ಲಿ (ಹಾಜರಿ ಪುಸ್ತಕದಲ್ಲಿ) ಇರೋದೇ ಇಲ್ಲ, ಅವರು ಮೇಲೇ ಉಳ್ಕೊಂಡ್ರೂ ಕೌಂಟ್ ಸರಿಯಾಗೇ ಬರುತ್ತೆ. ಗೇಟಿನ ರಿಜಿಸ್ಟರ್ ತರಿಸ್ಕೊಂಡು ಅದರ ಜೊತೆ ತಾಳೆ ನೋಡಿ, ಮಸ್ಟರ್ ಜೊತೆ ಅಲ್ಲ.