ಕ್ಯಾನ್ಸರ್ 'ಬಹುಶಃ', ನೈಟ್ ಡ್ಯೂಟಿ ಖಂಡಿತ

ಪ್ರತಿ ಮೇ 12ರ ನರ್ಸುಗಳ ದಿನಕ್ಕೆ ಸಿಸ್ಟರ್‌ಗಳ ಕೈಗೊಂದು ಮೇಣದಬತ್ತಿ ಕೊಟ್ಟು, ನರ್ಸಿಂಗ್ ವೃತ್ತಿಗೆ ದಾರಿ ತೋರಿದ ನೈಟಿಂಗೇಲಮ್ಮನ ಹೆಸರಿನಲ್ಲಿ ಪ್ರಮಾಣ ಮಾಡಿಸುವುದು ನಮ್ಮ ಸಂಪ್ರದಾಯ. ಪಾಪ, ಆ ಹಳದಿ ಬೆಳಕಿನದೇನೂ ತಪ್ಪಿಲ್ಲ. ತಕರಾರಿರುವುದು ಪ್ರಮಾಣ ಮುಗಿದ ಮೇಲೆ ಅವರನ್ನು ಮೂವತ್ತು ವರ್ಷ ನಿಲ್ಲಿಸುವ ಬಿಳಿ ಟ್ಯೂಬ್‌ಲೈಟಿನ ಮೇಲೆ. ಅದರೊಳಗಿನ ನೀಲಿ ಅಂಶ ಕಣ್ಣಿಗೆ ಬಿದ್ದರೆ ಸಾಕು, ಬೆಳಗಾಯಿತೆಂದು ಮೋಸಹೋಗುವ ಮಿದುಳು, ನಡುರಾತ್ರಿ ಕಳೆದ ಮೇಲೆ ತುದಿ ಮುಟ್ಟಬೇಕಾದ ನಿದ್ದೆಯ ಹಾರ್ಮೋನು ಮೆಲಟೋನಿನ್ನಿಗೆ ರಜೆ ಕೊಟ್ಟುಬಿಡುತ್ತದೆ. ಆಸ್ಪತ್ರೆಯಲ್ಲಿ ಕೇಳದೆಯೇ ರಜೆ ಸಿಗುವುದು ಮೆಲಟೋನಿನ್ನಿಗೆ ಮಾತ್ರ.

ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2007ರಲ್ಲಿ ದೇಹದ ಗಡಿಯಾರ ಕೆಡಿಸುವ ಪಾಳಿ ಕೆಲಸವನ್ನು '2ಎ' ಗುಂಪಿಗೆ ಹಾಕಿತು. ಅಂದರೆ 'ಬಹುಶಃ ಕ್ಯಾನ್ಸರ್‌ಕಾರಕ'. 2019ರಲ್ಲಿ ಮತ್ತೆ ಕೂತು ಅಲ್ಲೇ ಉಳಿಸಿತು. 65 ಡಿಗ್ರಿ ಮೀರಿದ ಬಿಸಿ ಪಾನೀಯವೂ ಅದೇ ಗುಂಪಿನಲ್ಲಿದೆ. ನೈಟ್ ಸಿಸ್ಟರ್‌ಗೆ ಈ ಭಯವಿಲ್ಲ, ಲೋಟ ಬಾಯಿಗೆ ಇಡುವಷ್ಟರಲ್ಲಿ ಕಾಲ್ ಬೆಲ್ ಹೊಡೆದು ಟೀ ತಣ್ಣಗಾಗಿರುತ್ತದೆ.

ಆಡಳಿತದವರಿಗೆ ಈ 'ಬಹುಶಃ' ಪ್ರಾಣ. ಅಮೆರಿಕದ ನರ್ಸುಗಳ ಅಧ್ಯಯನ 2001ರಲ್ಲಿ, ತಿಂಗಳಿಗೆ ಕನಿಷ್ಠ 3 ರಾತ್ರಿಯಂತೆ 30 ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಹಗಲು-ರಾತ್ರಿ ಬದಲಾಗುವ ಸುತ್ತುಪಾಳಿ ಮಾಡಿದವರಲ್ಲಿ ಸ್ತನ ಕ್ಯಾನ್ಸರ್ ಸುಮಾರು ಶೇ 36 ಹೆಚ್ಚು ಎಂದಿತು. 2016ರ ಬ್ರಿಟಿಷ್ ವಿಶ್ಲೇಷಣೆಗೆ ಅಂಥದ್ದೇನೂ ಕಾಣಲಿಲ್ಲ. ವಿಜ್ಞಾನಿಗಳು ಜಗಳವಾಡಲಿ, ಅದು ಅವರ ಕಸುಬು. ಆದರೆ ಜಗಳ ಮುಗಿಯುವತನಕ ಸಂಶಯದ ಲಾಭವೆಲ್ಲ ಡ್ಯೂಟಿ ಪಟ್ಟಿಗೇ. ಸಿಸ್ಟರ್ ಒಮ್ಮೆ 'ಬಹುಶಃ ನಾಳೆ ಬರ್ತೀನಿ' ಅಂದು ನೋಡಲಿ, ಸಂಜೆಗೆ ಮೆಮೊ ರೆಡಿ.

ಡೆನ್ಮಾರ್ಕ್ ಮಾತ್ರ 2008ರ ಸುಮಾರಿಗೆ ಸ್ತನ ಕ್ಯಾನ್ಸರ್ ಬಂದ ಸುಮಾರು ನಲವತ್ತು ಮಂದಿ ಮಹಿಳೆಯರಿಗೆ ಪರಿಹಾರ ಕೊಟ್ಟಿತು. ಷರತ್ತು: ವಾರಕ್ಕೊಂದಾದರೂ ರಾತ್ರಿಯಂತೆ 20-30 ವರ್ಷ ದುಡಿದಿರಬೇಕು, ಮನೆತನದಲ್ಲಿ ಆ ಕಾಯಿಲೆ ಇರಕೂಡದು. ಅಂದರೆ ಗಡ್ಡೆಗೂ ಸೇವಾ ಹಿರಿತನ ಬೇಕು. ನಮ್ಮಲ್ಲಿ ಆ ರಗಳೆಯೇ ಇಲ್ಲ. 2025ರವರೆಗೆ ಜಾರಿಯಲ್ಲಿದ್ದ 1923ರ ಪರಿಹಾರ ಕಾಯ್ದೆಯ ಮೂರನೇ ಅನುಸೂಚಿಯಲ್ಲಿ, ಅಂದರೆ ಕಸುಬಿನ ಕಾಯಿಲೆಗಳ ಪಟ್ಟಿಯಲ್ಲಿ, ಕಲ್ಲಿನ ಧೂಳಿನಿಂದ ಶ್ವಾಸಕೋಶ ಕೆಡಿಸುವ ಸಿಲಿಕೋಸಿಸ್ ಇತ್ತು, ರಾತ್ರಿ ಪಾಳಿಯ ಸುದ್ದಿಯಿರಲಿಲ್ಲ.

ಹಾಗಂತ ಹೆಂಗಸರ ರಾತ್ರಿಯ ಚಿಂತೆ ಯಾರಿಗೂ ಇರಲಿಲ್ಲ ಅನ್ನಬೇಡಿ. ಕಾರ್ಖಾನೆಗಳಲ್ಲಿ ಅವರ ರಾತ್ರಿ ದುಡಿಮೆ ನಿಷೇಧಿಸುವ 89ನೇ ಅಂತರರಾಷ್ಟ್ರೀಯ ಕಾರ್ಮಿಕ ಒಡಂಬಡಿಕೆ ಬಂದದ್ದು 1948ರಲ್ಲಿ, ಭಾರತ ಒಪ್ಪಿದ್ದು 1950ರಲ್ಲಿ. ಅದರ 8ನೇ ವಿಧಿ ಓದಿ. ಆರೋಗ್ಯ ಸೇವೆಯಲ್ಲಿದ್ದು 'ಸಾಮಾನ್ಯವಾಗಿ ದೈಹಿಕ ಶ್ರಮದ ಕೆಲಸ ಮಾಡದ' ಹೆಂಗಸರಿಗೆ ಈ ರಕ್ಷಣೆ ಅನ್ವಯಿಸದು! ರಾತ್ರಿ ಮೂರಕ್ಕೆ ಎಂಬತ್ತು ಕೆಜಿಯ ರೋಗಿಯನ್ನು ಮಗ್ಗುಲು ಬದಲಿಸುವುದು, ಆಕ್ಸಿಜನ್ ಸಿಲಿಂಡರ್ ಉರುಳಿಸಿಕೊಂಡು ಬರುವುದು, ಯೂರಿನ್ ಬ್ಯಾಗ್ ಖಾಲಿ ಮಾಡುವುದು, ಒದ್ದೆಯಾದ ಹಾಸಿಗೆ ಬದಲಿಸುವುದು, ಇವೆಲ್ಲ ಬಹುಶಃ ಧ್ಯಾನದ ಬಗೆಗಳು.

2020ರಲ್ಲಿ ಡೆನ್ಮಾರ್ಕಿನ ತಜ್ಞರ ನೇತೃತ್ವದ ತಂಡ ಮುಂದಿಟ್ಟ ಲೆಕ್ಕ ಸರಳ: ಸತತ 3 ರಾತ್ರಿಗಿಂತ ಹೆಚ್ಚು ಬೇಡ, ಪಾಳಿ 9 ಗಂಟೆ ಮೀರದಿರಲಿ, ಎರಡು ಪಾಳಿಗಳ ನಡುವೆ 11 ಗಂಟೆಯಾದರೂ ಬಿಡುವಿರಲಿ. ನಮ್ಮವರು ಅಂಕಿಗಳನ್ನು ಗೌರವಿಸುತ್ತಾರೆ, ಕೊಂಚ ಉದಾರವಾಗಿ. ರಾತ್ರಿ ಎಂಟರಿಂದ ಬೆಳಿಗ್ಗೆ ಎಂಟು, ಆರೋ ಏಳೋ ರಾತ್ರಿ ಒಂದೇ ಸಮ. ಮುಂದಿನ ಪಾಳಿಯವರಿಗೆ ಕೆಲಸ ಒಪ್ಪಿಸುವ ಹ್ಯಾಂಡೋವರ್ ಎಳೆದು ಒಂಬತ್ತಾದರೆ ಆ 11 ಗಂಟೆ ಮಧ್ಯೆಯೇ ಬಸ್ಸು, ಅಡುಗೆ, ನಿದ್ದೆ ಎಲ್ಲ ಹಿಡಿಸಬೇಕು. ಕೊನೆಯ ರಾತ್ರಿ ಮುಗಿಸಿ ಎಂಟಕ್ಕೆ ಹೊರಬಿದ್ದ ದಿನವನ್ನೇ 'ನೈಟ್ ಆಫ್' ರಜೆ ಎಂದು ಬರೆಯುವ ಜಾಣ್ಮೆಗಂತೂ ಗಣಿತದಲ್ಲಿ ಪ್ರಶಸ್ತಿ ಕೊಡಬೇಕು. ವಾರಾಂತ್ಯಕ್ಕೆ ಆಕೆಗೆ ಕರಪತ್ರವೊಂದು ಸಿಗುತ್ತದೆ: ದಪ್ಪ ಪರದೆ ಹಾಕಿ, ಮೊಬೈಲ್ ನೋಡಬೇಡಿ, ಒತ್ತಡ ಮಾಡಿಕೊಳ್ಳಬೇಡಿ.

ಈ ಸಲದ ನರ್ಸುಗಳ ದಿನಾಚರಣೆ ಬೆಳಿಗ್ಗೆ ಹತ್ತಕ್ಕೆ. ವಿಷಯ: ಆರೋಗ್ಯಕರ ನಿದ್ರೆ. ನೈಟ್ ಮುಗಿಸಿದವರ ಹಾಜರಿ ಕಡ್ಡಾಯ, ಮೇಣದಬತ್ತಿ ತಾವೇ ತರತಕ್ಕದ್ದು.